ಹೊಗೆ ಚೀಟಿ: ಫೇಲಾದ ಗಾಡಿಗೆ ಮದ್ದು ಎಲ್ಲಿ?

ಬೀದರ: ಪೆಟ್ರೋಲ್ ಬಂಕಿನ ಮೂಲೆಯ ಸಣ್ಣ ಕೋಣೆ. ಮುಂದೆ ಹಳೆ ಬೈಕೊಂದು ಗುರುಗುರು ಎನ್ನುತ್ತ ನಿಂತಿದೆ, ಸೈಲೆನ್ಸರಿನೊಳಗೆ ನಳಿಗೆ ತೂರಿದೆ. ಒಳಗಿನ ಹುಡುಗ ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸುತ್ತಾನೆ. "ಫೇಲ್ ಅದ ರೀ. ಗ್ಯಾರೇಜಿಗೆ ಒಯ್ದು ಮಾಡಿಸಿಕೊಂಡು ಬರ್ರಿ." ಗ್ಯಾರೇಜಿನವ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಜೋಡಿಸಿ ಹಣ ಎಣಿಸಿಕೊಳ್ಳುತ್ತಾನೆ. ಮತ್ತೆ ಅದೇ ಕೋಣೆ, ಅದೇ ನಳಿಗೆ, ಅದೇ ಉತ್ತರ. ಮೂರನೆಯ ಸಲಕ್ಕೆ ಪಕ್ಕದಲ್ಲಿ ನಿಂತವನೊಬ್ಬ ಕಿವಿಯಲ್ಲಿ ಊದುತ್ತಾನೆ: "ಯಾಕ ಸುಮ್ನ ತಿರಗಾಡ್ತೀರಿ? ಬ್ಯಾರೆ ಕಡಿ ಗಾಡಿ ನೋಡದೇನೇ ಕೊಡ್ತಾರಂತ."

ಇದು ಒಬ್ಬರ ಕತೆಯಲ್ಲ. ಗಾಂಧಿಗಂಜಿನಿಂದ ಮಾಲು ಹೇರಿಕೊಂಡು ಹೋಗುವ ಸ್ಕೂಟರಿನವರು, ಔರಾದ ತಾಲೂಕಿನ ಹಳ್ಳಿಗಳಿಂದ ಹಾಲಿನ ಕ್ಯಾನು ತರುವ ಬೈಕಿನವರು, ಭಾಲ್ಕಿ ಬಸ್‌ಸ್ಟ್ಯಾಂಡಿನ ಮುಂದೆ ಸೀಟು ಕಾಯುವ ಆಟೋದವರು, ಹೀಗೆ ಹದಿನೈದು ಇಪ್ಪತ್ತು ವರ್ಷದ ಗಾಡಿ ಇಟ್ಟುಕೊಂಡವರ ಪಾಡು ಹೆಚ್ಚು ಕಡಿಮೆ ಇದೇ. ಗಾಡಿ ಓಡುತ್ತದೆ. ಧಂದೆ ನಡೆಯುತ್ತದೆ. ಹೊಗೆ ಚೀಟಿ ಮಾತ್ರ ಸಿಗುವುದಿಲ್ಲ.

ಚೀಟಿ ಇಲ್ಲದೆ ತಿರುಗುವುದು ಈಗ ಸಸ್ತಾ ಬಾಬತ್ತೂ ಅಲ್ಲ. ಮೋಟಾರು ವಾಹನ ಕಾಯಿದೆಯ 190(2)ನೇ ಕಲಮಿನ ಕೆಳಗೆ ಮೊದಲು ಒಂದು ಸಾವಿರ ಇದ್ದ ದಂಡ 2019ರ ಸೆಪ್ಟೆಂಬರ್ 1ರಿಂದ ಹತ್ತು ಸಾವಿರದವರೆಗೆ ಏರಿತು. ಮೂರು ತಿಂಗಳವರೆಗೆ ಜೈಲು, ಮೂರು ತಿಂಗಳು ಲೈಸೆನ್ಸಿಗೆ ಬೀಗ ಎಂಬ ಮಾತೂ ಅದರಲ್ಲೇ ಇದೆ. ಜನರ ಕೂಗು ಎದ್ದಾಗ ರಾಜ್ಯ ಸರಕಾರ ಅದೇ ತಿಂಗಳು ಕೆಲವು ದಂಡಗಳನ್ನು ಇಳಿಸಿತು. ಇಳಿಸಿದರೂ ಕಾಯಿದೆಯ ಬಾಯಿ ದೊಡ್ಡದಾಗಿಯೇ ಉಳಿದಿದೆ. ಮೇಲಾಗಿ ಬಿ.ಎಸ್. 4ಕ್ಕಿಂತ ಹಿಂದಿನ ಗಾಡಿಗಳಿಗೆ ಚೀಟಿಯ ಆಯುಷ್ಯ ಆರೇ ತಿಂಗಳು. ಹೊಸ ಗಾಡಿಯವನಿಗೆ ವರ್ಷಕ್ಕೊಮ್ಮೆ ಬರುವ ಪರೀಕ್ಷೆ ಹಳೆಯವನಿಗೆ ವರ್ಷಕ್ಕೆ ಎರಡು ಸಲ.

ಇನ್ಶೂರೆನ್ಸಿನ ವಿಷಯದಲ್ಲೂ ಅಂಗಡಿ ಕಟ್ಟೆಗಳ ಮೇಲೆ ಗೊಂದಲದ ಮಾತು ಕೇಳಿಬರುತ್ತದೆ. ಹೊಗೆ ಚೀಟಿ ಇಲ್ಲದೆ ವಿಮೆ ನವೀಕರಿಸಬೇಡಿ ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟಿನಲ್ಲಿ ಹೇಳಿದ್ದು ನಿಜ. ಆದರೆ ಇದರಿಂದ ವಿಮೆಯೇ ಇಲ್ಲದ ಗಾಡಿಗಳು ರಸ್ತೆಗಿಳಿದವು, ಅಪಘಾತದಲ್ಲಿ ಸತ್ತವರ ಮನೆಯವರಿಗೆ ಪರಿಹಾರ ಸಿಗದ ಹಾಗಾಯಿತು. ಅದಕ್ಕಾಗಿ 2024ರ ಜುಲೈನಲ್ಲಿ ಅದೇ ಕೋರ್ಟು ಆ ಷರತ್ತನ್ನು ಸಡಿಲಿಸಿತು. ಹಾಗೆಂದು ಚೀಟಿಯ ಹಂಗು ತಪ್ಪಿತೆಂದು ಯಾರೂ ತಿಳಿಯಬಾರದು.

ಓದದೆ ಎಸೆಯುವ ಕಾಗದ

ಗಾಡಿ ಯಾಕೆ ಫೇಲಾಯಿತು ಎಂಬುದು ಫೇಲಾದ ದಿನವೇ ಕಾಗದದ ಮೇಲೆ ಬರೆದು ಕೈಗೆ ಬರಬೇಕು. 2021ರ ಜೂನಿನಲ್ಲಿ ಕೇಂದ್ರ ಸಾರಿಗೆ ಮಂತ್ರಾಲಯ ಇಡೀ ದೇಶಕ್ಕೆ ಒಂದೇ ನಮೂನೆಯ ಚೀಟಿ ಮಾಡಿದಾಗ, ಪಾಸಾಗದ ಗಾಡಿಗೆ ತಿರಸ್ಕಾರ ಚೀಟಿ ಕೊಡಬೇಕೆಂದೂ ಸೇರಿಸಿತು. ಅದನ್ನು ಗ್ಯಾರೇಜಿನವನಿಗೆ ತೋರಿಸಬಹುದು. ಆ ಕೇಂದ್ರದ ಯಂತ್ರದ ಮೇಲೆಯೇ ಗುಮಾನಿ ಇದ್ದರೆ ಇನ್ನೊಂದು ಕೇಂದ್ರಕ್ಕೂ ಒಯ್ಯಬಹುದು. ಕೇಳಿ ಪಡೆಯುವ ಮಾಲಕರು ಕಡಿಮೆ. ಕೊಟ್ಟರೂ ಮಡಚಿ ಕಿಸೆಗೆ ಹಾಕುವವರೇ ಬಹಳ. ಗ್ಯಾರೇಜಿನವನಂತೂ ನೋಡುವುದಿಲ್ಲ, "ಕಾರ್ಬೊರೇಟರ್ ಹೊಲಸಾಗ್ಯಾದ" ಎಂದು ಶುರು ಮಾಡಿಬಿಡುತ್ತಾನೆ. ರಕ್ತ ಪರೀಕ್ಷೆಯ ಕಾಗದ ಕೈಯಲ್ಲಿದ್ದೂ ನಾಡಿ ಹಿಡಿಯದೆ ಗುಳಿಗೆ ಬರೆಯುವ ಡಾಕ್ಟರಿನ ಹಾಗೆ.

ಪೆಟ್ರೋಲ್ ಗಾಡಿಯ ಚೀಟಿಯಲ್ಲಿ ಎರಡು ಅಂಕಿ ಮುಖ್ಯ. ಒಂದು ಸಿ.ಒ., ಅಂದರೆ ಇಂಗಾಲದ ಮಾನಾಕ್ಸೈಡು, ಇದು ಶೇಕಡಾ ಲೆಕ್ಕದಲ್ಲಿ. ಇನ್ನೊಂದು ಎಚ್.ಸಿ., ಅಂದರೆ ಸುಡದೆ ಹೊರಬಂದ ಪೆಟ್ರೋಲು, ಇದು ಹತ್ತು ಲಕ್ಷದಲ್ಲಿ ಇಷ್ಟು ಪಾಲು ಎಂಬ ಲೆಕ್ಕ. 2000ದ ಮಾರ್ಚ್ 31ರೊಳಗೆ ತಯಾರಾದ ದ್ವಿಚಕ್ರ, ತ್ರಿಚಕ್ರ ಗಾಡಿಗಳಿಗೆ ಸಿ.ಒ. 4.5, ಎಚ್.ಸಿ. 9,000 ಮಿತಿ. ಆಮೇಲಿನವಕ್ಕೆ ಸಿ.ಒ. 3.5, ಎಚ್.ಸಿ. ಟೂ ಸ್ಟ್ರೋಕಿಗೆ 6,000, ಫೋರ್ ಸ್ಟ್ರೋಕಿಗೆ 4,500. ಕಾರುಗಳಲ್ಲಿ ಬಿ.ಎಸ್. 2ಕ್ಕೆ ಮುಂಚಿನವಕ್ಕೆ 3 ಮತ್ತು 1,500, ಬಿ.ಎಸ್. 2 ಹಾಗೂ 3ಕ್ಕೆ 0.5 ಮತ್ತು 750. ಅಂದರೆ ಹಳೆ ಬೈಕಿನ ಮಿತಿ ಅಂಥ ಕಠಿಣವೇನಲ್ಲ. ಅಷ್ಟನ್ನೂ ದಾಟಿದೆ ಎಂದರೆ ಇಂಜಿನ್ನಿನಲ್ಲಿ ಏನೋ ಒಂದು ಖರೆಯಾಗಿಯೇ ಕೆಟ್ಟಿದೆ, ಪೆಟ್ರೋಲಿನ ಹಣವೂ ಹೊಗೆಯಲ್ಲೇ ಹೋಗುತ್ತಿದೆ ಎಂದು ಅರ್ಥ.

ಔರಾದದ ಒಬ್ಬ ಕಿರಾಣಿ ಅಂಗಡಿಯವನು, 2005ರ ಫೋರ್ ಸ್ಟ್ರೋಕ್ ಬೈಕು ಅಂತ ಇಟ್ಟುಕೊಳ್ಳಿ. ಚೀಟಿಯಲ್ಲಿ ಸಿ.ಒ. 5.2, ಎಚ್.ಸಿ. 1,900. ಎಚ್.ಸಿ. ಮಿತಿಯ ಒಳಗಿದೆ, ಸಿ.ಒ. ಮಾತ್ರ ಮೇಲೆ. ಇದರ ಅರ್ಥ ಒಂದೇ: ಇಂಜಿನ್ನು ಸುಡುತ್ತಿದೆ, ಆದರೆ ಗಾಳಿ ಸಾಲದು, ಪೆಟ್ರೋಲು ಹೆಚ್ಚು. ಇನ್ನು ಹುಡುಕುವ ಜಾಗ ನಾಲ್ಕೈದೇ. ಚೋಕ್ ಅರ್ಧ ಎಳೆದುಕೊಂಡೇ ಕುಳಿತಿದೆಯೋ, ಕಾರ್ಬೊರೇಟರಿನ ಫ್ಲೋಟ್ ಮೇಲೆದ್ದು ಪೆಟ್ರೋಲು ಉಕ್ಕುತ್ತಿದೆಯೋ, ವರ್ಷಗಟ್ಟಲೆ ಮೇಲೆ ಕೆಳಗೆ ಆಡಿ ಸೂಜಿ, ಜೆಟ್ಟು ಸವೆದಿವೆಯೋ, ಮಿಕ್ಸ್ಚರ್ ಸ್ಕ್ರೂ ತಪ್ಪಿದೆಯೋ. ಇವೆಲ್ಲಕ್ಕೂ ಮೊದಲು ನೋಡಬೇಕಾದ್ದು ಏರ್ ಫಿಲ್ಟರು.

ಈ ಜಿಲ್ಲೆಯಲ್ಲಿ ಏರ್ ಫಿಲ್ಟರಿನ ಮಾತು ಸಣ್ಣದಲ್ಲ. ಬೀದರ ಊರು ಕುಳಿತಿರುವುದೇ ಜಂಬಿಟ್ಟಿಗೆಯ ಕೆಂಪು ಗುಡ್ಡದ ಮೇಲೆ. ಬಹಮನಿಯವರ ಕೋಟೆ ಕಂದಕ, ನೌಬಾದಿನ ಸುರಂಗ ಬಾವಿ ಎಲ್ಲವೂ ಆ ಕಲ್ಲಿನಲ್ಲೇ ಕಡೆದವು. ಅದೇ ಕಲ್ಲು ಪುಡಿಯಾಗಿ ರಸ್ತೆ ಪಕ್ಕ ಹಾಸಿದ ಮುರುಮಾಗಿ, ಬೇಸಿಗೆಯಲ್ಲಿ ಹಿಟ್ಟಿನಂಥ ಧೂಳಾಗಿ ಏಳುತ್ತದೆ. ಜನವಾಡ ದಾಟಿ ಮಾಂಜ್ರಾ ಹೊಳೆಯ ಆಚೆ ಸಂತಪುರ, ಔರಾದ ಕಡೆ ಹೋದರೆ ಕೆಂಪು ಮುಗಿದು ಎರೆ ಮಣ್ಣು. ಅದೂ ಒಣಗಿದ ಮೇಲೆ ಕಡಿಮೆಯದೇನಲ್ಲ. ಹೊಲದ ದಾರಿಯಲ್ಲಿ ದಿನಕ್ಕೆರಡು ಸಲ ಓಡುವ ಬೈಕಿನ ಫಿಲ್ಟರು ಕಂಪನಿ ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರು ಬಾಳುವುದಿಲ್ಲ. ಫಿಲ್ಟರು ಕಟ್ಟಿದಾಗ ಇಂಜಿನ್ನಿಗೆ ಉಸಿರು ಸಿಗದು, ಪೆಟ್ರೋಲೇ ಹೆಚ್ಚು ಎಳೆದುಕೊಳ್ಳುತ್ತದೆ, ಸಿ.ಒ. ಏರುತ್ತದೆ. ಇದರ ಜೊತೆಗೆ ಬೀದರ ಸಮುದ್ರ ಮಟ್ಟಕ್ಕಿಂತ ಸುಮಾರು 2,200 ಅಡಿ ಎತ್ತರ, ಹೈದರಾಬಾದಿಗಿಂತಲೂ ಮೇಲೆ. ಗಾಳಿ ಒಂದಿಷ್ಟು ತೆಳುವು. ಕರಾವಳಿಯಲ್ಲಿ ಸರಿಯಾಗಿದ್ದ ಕಾರ್ಬೊರೇಟರು ಇಲ್ಲಿ ಒಂದು ಗುಟುಕು ಹೆಚ್ಚೇ ಕುಡಿಯುತ್ತದೆ. ಎತ್ತರವೊಂದರಿಂದಲೇ ಗಾಡಿ ಫೇಲಾಗದು. ಆದರೆ ಅಂಚಿನಲ್ಲಿ ನಿಂತ ಗಾಡಿಯನ್ನು ಆಚೆ ನೂಕಲು ಸಾಕು.

ಗ್ಯಾರೇಜುಗಳಲ್ಲಿ ಫಿಲ್ಟರು ತೆಗೆದು ಗಾಡಿಯ ಸೀಟಿಗೆ ನಾಲ್ಕು ಸಲ ಬಡಿದು, ಗಾಳಿ ಊದಿ ಹಾಗೇ ಕೂರಿಸುವ ರೂಢಿ ಇದೆ. ಸ್ಪಂಜಿನ ಫಿಲ್ಟರಾದರೆ ತೊಳೆದು, ಹಿಂಡದೆ ಒತ್ತಿ ಒಣಗಿಸಿ, ಎಣ್ಣೆ ಸವರಿ ಹಾಕಬೇಕು. ಕಾಗದದ್ದಾದರೆ ತೊಳೆಯುವಂತಿಲ್ಲ, ಬದಲಿಸಬೇಕು. ಕಾರ್ಬೊರೇಟರ್ ಕಿಟ್ಟಿಗೆ ಹಾಕುವ ಹಣದ ಮುಂದೆ ಫಿಲ್ಟರಿನ ಹಣ ಏನೂ ಅಲ್ಲ.

ಎಚ್.ಸಿ. ಏರಿದರೆ

ಅದೇ ಅಂಗಡಿಯವನ ಚೀಟಿಯಲ್ಲಿ ಅಂಕಿ ಉಲ್ಟಾ ಇದ್ದರೆ, ಸಿ.ಒ. 0.9, ಎಚ್.ಸಿ. 7,000 ಎಂದಿದ್ದರೆ, ಕತೆಯೇ ಬೇರೆ. ಇಲ್ಲಿ ಪೆಟ್ರೋಲು ಹೆಚ್ಚಾಗಿಲ್ಲ, ಬಂದದ್ದು ಸುಡುತ್ತಿಲ್ಲ. ಪ್ಲಗ್ಗು ಸತ್ತಿರಬಹುದು. ಪ್ಲಗ್ಗಿನ ಕ್ಯಾಪು, ವೈರು ಬಿರುಕುಬಿಟ್ಟು ಕಿಡಿ ಹಾದಿ ತಪ್ಪಿರಬಹುದು. ಪಾಯಿಂಟಿನ ಹಳೆ ಗಾಡಿಯಾದರೆ ಟೈಮಿಂಗ್ ಸರಿದಿರಬಹುದು. ವಾಲ್ವು ಸರಿಯಾಗಿ ಕೂರದಿರಬಹುದು. ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರು ಸೀಳಿ ಕಳ್ಳಗಾಳಿ ನುಗ್ಗುತ್ತಿರಬಹುದು. ಈ ಗಾಡಿಯ ಕಾರ್ಬೊರೇಟರನ್ನು ಹತ್ತು ಸಲ ತೊಳೆದರೂ ಬಂಕಿನ ಕೋಣೆಯಿಂದ ಒಳ್ಳೆ ಮಾತು ಬಾರದು. ಎರಡೂ ಅಂಕಿ ಏರಿ, ಜೊತೆಗೆ ನೀಲಿ ಹೊಗೆ ಬರುತ್ತಿದ್ದರೆ ಇಂಜಿನ್ ಆಯಿಲ್ಲೇ ಸುಡುತ್ತಿದೆ. ಪಿಸ್ಟನ್ ರಿಂಗು, ಬೋರು ಹೋಗಿವೆ. ಅದು ದೊಡ್ಡ ಖರ್ಚು. ಅದನ್ನು ಮೊದಲ ದಿನವೇ ತಿಳಿದುಕೊಳ್ಳುವುದು ಒಳ್ಳೆಯದು, ನಾಲ್ಕು ಸಣ್ಣ ಖರ್ಚು ಮಾಡಿದ ಮೇಲಲ್ಲ.

ಚೇತಕ್, ಆರ್.ಎಕ್ಸ್. 100ರಂಥ ಟೂ ಸ್ಟ್ರೋಕಿನವರದು ಇನ್ನೊಂದು ಪಂಗಡ. ಅವುಗಳ ಅಭಿಮಾನಿಗಳು ಬೀದರಿನಲ್ಲೂ ಇದ್ದಾರೆ, ಬಣ್ಣ ಹೊಡೆಸಿ ಮಗನಿಗಿಂತ ಹೆಚ್ಚು ಜೋಪಾನ ಮಾಡುವವರು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿಯೇ ಓಡುವ ಸ್ಕೂಟರಿಗೆ ಲೀಟರಿಗೆ 20 ಮಿಲಿಲೀಟರು 2ಟಿ ಎಣ್ಣೆ ಸಾಕು ಎಂದಿದ್ದರೆ, "ಇಂಜಿನ್ನಿಗೆ ತಂಪು" ಎಂದು ಮುಚ್ಚಳ ತುಂಬ ಸುರಿಯುವ ಚಟ ಹಳೆಯದು. ಹೆಚ್ಚಾದ ಎಣ್ಣೆ ಸೈಲೆನ್ಸರಿನಲ್ಲಿ ಮಸಿಯಾಗಿ ಕೂತು ಹೊಗೆಯ ದಾರಿ ಕಟ್ಟುತ್ತದೆ. ಎಣ್ಣೆ ಅಳೆದು ಹಾಕಿ, ಸೈಲೆನ್ಸರಿನ ಮಸಿ ತೆಗೆಸಿದರೆ ಅರ್ಧ ಕೆಲಸ ಮುಗಿದಂತೆ. ಹಳ್ಳಿ ಅಂಗಡಿಗಳಲ್ಲಿ ತೂಗುವ ಬಾಟಲಿ ಪೆಟ್ರೋಲಿನ ಮೇಲೂ ಕಣ್ಣಿರಲಿ. ಅದರಲ್ಲಿ ಏನೇನು ಬೆರೆತಿದೆ ಎಂಬುದು ಮಾರಿದವನಿಗೇ ಗೊತ್ತು. ಈ ಮಾತು ಕೆಲವು ಅಂಗಡಿಯವರಿಗೆ ರುಚಿಸಲಿಕ್ಕಿಲ್ಲ.

ಈಗ ಬಂಕಿನ ಪೆಟ್ರೋಲೂ ಹಿಂದಿನದಲ್ಲ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು, 2025ರ ಹೊತ್ತಿಗೆ ದೇಶದ ತುಂಬ ಹಬ್ಬಿತು. ಕಬ್ಬು ಬೆಳೆಯುವ ಜಿಲ್ಲೆಯವರು ಎಥೆನಾಲಿಗೆ ಬೇಡ ಎನ್ನಲಾರರು. ಅದರಿಂದ ಸಿ.ಒ. ತುಸು ಇಳಿಯಲೂಬಹುದು, ಯಾಕೆಂದರೆ ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಆದರೆ ಹಳೆ ಗಾಡಿಯ ರಬ್ಬರಿನ ಪೈಪು, ಸೀಲುಗಳು ಅದಕ್ಕಾಗಿ ಮಾಡಿದವಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಅದು ನೀರು ಹೀರುತ್ತದೆ, ತಳದ ಜಿಡ್ಡು ಸಡಿಲಿಸಿ ಜೆಟ್ಟಿಗೆ ಕಳಿಸುತ್ತದೆ. ಮಳೆಗಾಲ ಪೂರ್ತಿ ಮೂಲೆಯಲ್ಲಿದ್ದ ಸ್ಕೂಟರನ್ನು ತೆಗೆದು ನೇರ ಪರೀಕ್ಷೆಗೆ ಒಯ್ಯುವವರು ಮೊದಲು ಹಳೆ ಪೆಟ್ರೋಲು ಖಾಲಿ ಮಾಡುವುದು ಲೇಸು.

ಇನ್ನೊಂದು ಚಿಕ್ಕ ಮಾತು, ಆದರೆ ಎಷ್ಟೋ ಗಾಡಿಗಳು ಇದರಿಂದಲೇ ಫೇಲಾಗುತ್ತವೆ. ಮನೆಯಿಂದ ಎರಡು ಫರ್ಲಾಂಗು ಓಡಿಸಿ ತಣ್ಣಗಿನ ಇಂಜಿನ್ನಿನಲ್ಲೇ ಪರೀಕ್ಷೆಗೆ ನಿಲ್ಲಿಸುತ್ತಾರೆ. ತಣ್ಣಗಿನ ಇಂಜಿನ್ನು ಅರೆಬರೆ ಸುಡುತ್ತದೆ. ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಬಿಸಿಯಾದ ಮೇಲೆ, ಚೋಕ್ ಪೂರ್ತಿ ಬಿಟ್ಟು ನಿಲ್ಲಿಸಬೇಕು. ಚಿದ್ರಿಯವನು ನೌಬಾದ್ ತನಕ ಒಂದು ಸುತ್ತು ಹೊಡೆದು ಬಂದರೆ ತಪ್ಪಿಲ್ಲ.

ಸೆಟ್ಟಿಂಗ್ ಎಂಬ ಮಾಯೆ

ಗ್ಯಾರೇಜುಗಳಲ್ಲಿ "ಸೆಟ್ಟಿಂಗ್" ಎಂಬ ಒಂದು ಶಬ್ದ ಇದೆ. ಪರೀಕ್ಷೆಯ ದಿನ ಸ್ಕ್ರೂ ತಿರುಗಿಸಿ ಪೆಟ್ರೋಲು ಇಳಿಸುವುದು, ಚೀಟಿ ಕೈಗೆ ಬಂದ ಮೇಲೆ ಮತ್ತೆ ಏರಿಸುವುದು. ಗಾಡಿ ಆ ಅರ್ಧ ತಾಸು ಮಾತ್ರ ಸಾಧು. ಮಾಲಕನಿಗೂ ಖುಷಿ, ಗ್ಯಾರೇಜಿನವನಿಗೂ ಖುಷಿ. ಆರು ತಿಂಗಳು ಪೆಟ್ರೋಲು ಹೆಚ್ಚು ಸುಡುವುದು ಮಾಲಕನ ಕಿಸೆಯಿಂದಲೇ ಎಂಬುದು ಮಾತ್ರ ಇಬ್ಬರ ಲೆಕ್ಕದಲ್ಲೂ ಬರುವುದಿಲ್ಲ. ಅತಿಯಾಗಿ ಇಳಿಸಿದರೆ ಇನ್ನೊಂದು ಆಪತ್ತು: ಮಿಶ್ರಣ ತೆಳುವಾಗಿ ಕಿಡಿ ತಪ್ಪುತ್ತದೆ, ಸಿ.ಒ. ಇಳಿದು ಎಚ್.ಸಿ. ಏರುತ್ತದೆ, ಇಂಜಿನ್ನು ಕಾಯುತ್ತದೆ.

ಗಾಡಿ ನೋಡದೆ ಚೀಟಿ ಕೊಡುವ ಮಾತು ಬರೀ ಗುಸುಗುಸು ಎಂದು ತಳ್ಳಿಹಾಕುವ ಹಾಗಿಲ್ಲ. 2025ರ ಏಪ್ರಿಲಿನಲ್ಲಿ ದೆಹಲಿ ವಿಧಾನಸಭೆಯ ಮುಂದೆ ಬಂದ ಮಹಾಲೇಖಪಾಲರ ವರದಿ, ಮಿತಿ ಮೀರಿ ಹೊಗೆ ಬಿಟ್ಟ ಒಂದು ಲಕ್ಷಕ್ಕೂ ಮೇಲ್ಪಟ್ಟ ಗಾಡಿಗಳಿಗೆ ಪಾಸು ಚೀಟಿ ಸಿಕ್ಕಿದ್ದನ್ನು ಎತ್ತಿ ತೋರಿಸಿತು. ಒಂದೇ ಕೇಂದ್ರದಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಗಾಡಿ ತಪಾಸಣೆಯಾದ ಚಮತ್ಕಾರವೂ ಅದರಲ್ಲಿತ್ತು. ರಾಜಧಾನಿಯಲ್ಲೇ ಹೀಗೆ. ಸಣ್ಣವರನ್ನೇ ಯಾಕೆ ಅನ್ನಬೇಕು? ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ಇಳಿಸುವ ಉಪಾಯವನ್ನು ಲಕ್ಷಾಂತರ ಡೀಸೆಲ್ ಕಾರುಗಳಲ್ಲಿ ಅಡಗಿಸಿ 2015ರಲ್ಲಿ ಸಿಕ್ಕಿಬಿತ್ತು. ಅದೂ ಒಂದು ಸೆಟ್ಟಿಂಗೇ.

ಕೊಂಡ ಚೀಟಿಯಿಂದ ಪೊಲೀಸರ ಕೈ ತಪ್ಪಿಸಿಕೊಳ್ಳಬಹುದು. ಆದರೆ ಸಂಶಯ ಬಂದರೆ ಗಾಡಿಯನ್ನು ಮತ್ತೆ ಪರೀಕ್ಷೆಗೆ ಒಡ್ಡಲು ಅಧಿಕಾರಿ ಹೇಳಬಹುದು, ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಅಲ್ಲಿ ಫೇಲಾದರೆ ಕಾಗದ ಕೆಲಸಕ್ಕೆ ಬಾರದು.

ಬಸ್ಸಿನ ಕಿಟಕಿಯಿಂದ

ಇಷ್ಟು ಹೊತ್ತು ಪೆಟ್ರೋಲಿನ ಮಾತಾಯಿತು. ಬಸ್ಸಿನಲ್ಲಿ ಬೀದರ, ಭಾಲ್ಕಿ, ಔರಾದ ಎಂದು ದಿನಾ ಓಡಾಡುವವರಿಗೆ ಗೊತ್ತಿರುವ ಹೊಗೆ ಡೀಸೆಲಿನದು. ಏರಿನಲ್ಲಿ ಮುಂದೆ ಮಾಲು ತುಂಬಿದ ಟೆಂಪೋ ಸಿಕ್ಕಿದರೆ ಬಸ್ಸಿನ ಕಿಟಕಿಗಳೆಲ್ಲ ಒಂದೇ ಸಲಕ್ಕೆ ಮುಚ್ಚುತ್ತವೆ. ಡೀಸೆಲ್ ಗಾಡಿಗೆ ಪರೀಕ್ಷೆಯೂ ಬೇರೆ. ನಿಂತಲ್ಲೇ ಆಕ್ಸಿಲರೇಟರು ಪೂರ್ತಿ ಒತ್ತಿ, ಬಿಟ್ಟು, ಮತ್ತೆ ಒತ್ತಿ, ಹೊಗೆ ಎಷ್ಟು ಬೆಳಕು ತಡೆಯುತ್ತದೆ ಎಂದು ಅಳೆಯುತ್ತಾರೆ. ಬಿ.ಎಸ್. 4ಕ್ಕಿಂತ ಹಿಂದಿನವಕ್ಕೆ 65 ಹಾರ್ಟ್ರಿಜ್ ಯೂನಿಟ್, ಬಿ.ಎಸ್. 4ಕ್ಕೆ 50 ಮಿತಿ.

ಕಪ್ಪು ಹೊಗೆಗೆ ಕಾರಣ ಮೂರರಲ್ಲಿ ಒಂದು: ಕಟ್ಟಿದ ಏರ್ ಕ್ಲೀನರು, ತೊಟ್ಟಿಕ್ಕುವ ನಾಜಲ್ಲು, ಇಲ್ಲವೇ ಪಂಪು. ಮೂರನೆಯದು ಮನುಷ್ಯ ಮಾಡಿದ ಕಾರಣ. ಏರಿನಲ್ಲಿ ದಮ್ಮು ಬರಲಿ ಎಂದು ಪಂಪಿನ ಸೀಲು ಒಡೆದು ಡೀಸೆಲು ಏರಿಸಿಕೊಳ್ಳುವುದು. ಎರಡು ಟನ್ನಿನ ಗಾಡಿಗೆ ಮೂರು ಟನ್ನು ಹೇರಿದ ಮೇಲೆ ಇದು ಬೇಕೇ ಆಗುತ್ತದೆ. ಆಗ ಹೊಗೆಯ ಮದ್ದು ಗ್ಯಾರೇಜಿನಲ್ಲಿಲ್ಲ, ಮಾಲು ಹೇರುವ ಕಟ್ಟೆಯ ಮೇಲಿದೆ.

ಸರಕಾರಿ ಬಸ್ಸುಗಳ ಲೆಕ್ಕ ಬೇರೆ. ಸಾರಿಗೆ ನಿಗಮಗಳೂ ಸೇರಿದಂತೆ ಸರಕಾರಿ ಗಾಡಿಗಳಿಗೆ ಹದಿನೈದು ವರ್ಷದ ನಂತರ ನೋಂದಣಿ ನವೀಕರಣವಿಲ್ಲ ಎಂದು 2023ರ ಏಪ್ರಿಲ್ 1ರಿಂದ ಆಗಿದೆ. ಇದನ್ನೇ ಅರ್ಧ ಕೇಳಿದವರು "ಹದಿನೈದು ವರ್ಷ ಆದ್ರ ಎಲ್ಲಾ ಗಾಡಿ ಬಂದ್" ಎಂದು ಸುದ್ದಿ ಹಬ್ಬಿಸುತ್ತಾರೆ. ಖಾಸಗಿ ಗಾಡಿಗೆ ಅದು ಅನ್ವಯಿಸದು. ಡೀಸೆಲಿಗೆ ಹತ್ತು, ಪೆಟ್ರೋಲಿಗೆ ಹದಿನೈದು ವರ್ಷ ಎಂಬ ತಕರಾರು ದೆಹಲಿ ಸುತ್ತಮುತ್ತಲಿನದು. ಇಲ್ಲಿನ ಖಾಸಗಿ ಬೈಕು, ಕಾರು ಹದಿನೈದು ತುಂಬಿದ ಮೇಲೆ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಣಗೊಳ್ಳುತ್ತವೆ. ಅದರ ಫೀ ಮಾತ್ರ 2022ರ ಏಪ್ರಿಲಿನಿಂದ ಬೈಕಿಗೆ 300ರಿಂದ 1,000ಕ್ಕೆ, ಕಾರಿಗೆ 600ರಿಂದ 5,000ಕ್ಕೆ ಜಿಗಿಯಿತು. ರಿಂಗು, ಬೋರು ಹೋದ ಗಾಡಿಯ ಮಾಲಕ ಇಂಜಿನ್ ಬಿಚ್ಚುವ ಮುಂಚೆ ಆರ್.ಸಿ.ಯ ಕೊನೆಯ ತಾರೀಖು ನೋಡಿಕೊಳ್ಳಬೇಕಾದ್ದು ಇದಕ್ಕೇ. ಆರು ತಿಂಗಳಿಗೆ ಆ ಫೀ ಬರುವುದಿದ್ದರೆ ಎರಡೂ ಕೂಡಿಸಿ ಲೆಕ್ಕ ಹಾಕಬೇಕು. ಕೆಲವು ಗಾಡಿಗಳು ಪಾಸಾಗದೆ ಇರುವುದೇ ನ್ಯಾಯ.

ನಡುವೆ ಬಿದ್ದ ಮಾಲಕ

ಅಸಲಿ ತೊಡಕು ಇರುವುದು ಬೇರೆ ಕಡೆ. ಅಳೆಯುವ ಯಂತ್ರ ಇರುವವನಿಗೆ ರಿಪೇರಿ ಬರುವುದಿಲ್ಲ, ರಿಪೇರಿ ಬರುವವನ ಹತ್ತಿರ ಯಂತ್ರ ಇಲ್ಲ. ಸಣ್ಣ ಗ್ಯಾರೇಜಿನವ ಕಿವಿಯಿಂದ ಇಂಜಿನ್ ಕೇಳುತ್ತಾನೆ, ಪ್ಲಗ್ಗಿನ ಬಣ್ಣ ನೋಡುತ್ತಾನೆ. ಅದೂ ಒಂದು ವಿದ್ಯೆಯೇ, ಅಲ್ಲಗಳೆಯುವಂತಿಲ್ಲ. ಆದರೆ ಸಿ.ಒ. 3.4ಕ್ಕೂ 3.9ಕ್ಕೂ ಇರುವ ಅಂತರ ಕಿವಿಗೆ ಕೇಳಿಸದು. ತಾನು ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ಅವನಿಗೆ ಗೊತ್ತಾಗುವುದು ಮಾಲಕ ಹಣ ಕೊಟ್ಟು ಮತ್ತೆ ಫೇಲಾಗಿ ಬಂದಾಗಲೇ. ಕೆ.ಎ. 38 ಬೀದರಿಗೆ, ಕೆ.ಎ. 39 ಭಾಲ್ಕಿಗೆ ಎಂದು ನಂಬರು ಹಂಚಿದ ಸಾರಿಗೆ ಇಲಾಖೆ ಚೀಟಿ ಕೇಳುತ್ತದೆಯೇ ಹೊರತು ಈ ಎರಡು ಬಾಗಿಲುಗಳ ನಡುವಿನ ಓಡಾಟಕ್ಕೆ ದಾರಿ ಹುಡುಕಿಲ್ಲ. ಔರಾದಕ್ಕೆ ಸ್ವಂತ ನಂಬರೂ ಇಲ್ಲ. ಹಳ್ಳಿಯ ಹಾಲಿನವನಿಗೆ ಫೇಲು ಎಂದರೆ ಒಂದು ದಿನದ ಗಳಿಕೆ ಹೋಯಿತು ಎಂದೇ.

ಗ್ಯಾರೇಜಿನವರು ನಾಲ್ಕು ಮಂದಿ ಕೂಡಿ ಒಂದು ಗ್ಯಾಸ್ ಅನಲೈಸರ್ ಇಟ್ಟುಕೊಂಡರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಚೀಟಿ ಕೊಡಲು ಮಾತ್ರ ಪರವಾನಗಿ ಬೇಕು, ತಮ್ಮ ಕೆಲಸಕ್ಕೆ ಅಳೆದು ನೋಡಲು ಬೇಡ. ಇಲಾಖೆಯವರು ದಂಡದ ಅಭಿಯಾನ ಇಟ್ಟಷ್ಟೇ ಉಮೇದಿನಿಂದ ವರ್ಷಕ್ಕೆರಡು ಸಲ ತಾಲೂಕುಗಳಲ್ಲಿ ಯಂತ್ರ ಮತ್ತು ಮೆಕ್ಯಾನಿಕ್ ಎರಡನ್ನೂ ಒಂದೇ ಚಪ್ಪರದ ಕೆಳಗೆ ತಂದು ಕೂರಿಸಿದರೆ, ಅರ್ಧ ಗಾಡಿಗಳು ಅಲ್ಲೇ ಫಿಲ್ಟರು, ಪ್ಲಗ್ಗು ಬದಲಿಸಿಕೊಂಡು ಪಾಸಾಗಿ ಹೋದಾವು.

ಅಲ್ಲಿಯ ತನಕ ಚೀಟಿಯ ಕೊನೆಯ ತಾರೀಖಿಗೆ ಹದಿನೈದು ದಿನ ಮುಂಚೆಯೇ ಗಾಡಿ ಒಯ್ಯುವುದು, ಫೇಲಾದರೆ ತಿರಸ್ಕಾರ ಚೀಟಿ ಕೇಳಿ ಪಡೆಯುವುದು, ಅದನ್ನು ಗ್ಯಾರೇಜಿನವನ ಕೈಗೆ ಕೊಟ್ಟು ಯಾವ ಅಂಕಿಗೆ ಏನು ಮಾಡಿದಿ ಎಂದು ಕೇಳುವುದು ಮಾಲಕನ ಪಾಲಿಗೆ ಉಳಿದ ಕೆಲಸ. ಸೋಯಾ ರಾಶಿಯ ಕಾಲಕ್ಕೆ ಚೀಟಿ ಮುಗಿಯುವವರು ಇನ್ನೂ ಮುಂಚೆಯೇ ಹೋಗಬೇಕು. ಆಗ ಔರಾದ, ಭಾಲ್ಕಿ ಎರಡೂ ಕಡೆ ಗ್ಯಾರೇಜುಗಳ ಮುಂದೆ ಟ್ರ್ಯಾಕ್ಟರುಗಳೇ ಸಾಲು ನಿಂತಿರುತ್ತವೆ, ಬೈಕು ಮುಟ್ಟುವವರು ಯಾರೂ ಇರುವುದಿಲ್ಲ.